ಕಿಶನ್ ಎತ್ತಿದ ಕೈ

ಕಿಶನ್ ಹಿಮದಡಿ ಸಿಕ್ಕಿ ಸತ್ತು ಮೂರು ವಾರವಾಗಿತ್ತು. ಅವನ ಹೆಂಡತಿ ವಾಸಂತಿ ಕರೆದಳೆಂದು ಜಯದೇವ ಭಾನುವಾರ ಬೆಳಿಗ್ಗೆ ಹೂಫ್‌ಡಾರ್ಪ್‌ನಲ್ಲಿ ಬಸ್ಸು ಹತ್ತಿ ಬಾಡ್‌ಹೂವೆಡಾರ್ಪ್‌ಗೆ ಬಂದ. ದಾರಿಯುದ್ದಕ್ಕೂ ಡಚ್ ನಾಡಿನ ಚಪ್ಪಟೆ ನೆಲ. ಒಂದು ದಿಬ್ಬವೂ ಕಣ್ಣಿಗೆ ಬೀಳಲಿಲ್ಲ.

ಸ್ವೀಡನ್ನಿನ ಹಿಮಬೆಟ್ಟಗಳಿಗೆ ಹೊರಡುವ ಮೊದಲು ಗೆಳೆಯರಿಬ್ಬರೂ ಇಲ್ಲಿಯೇ, ಕಾಲುವೆ ಪಕ್ಕದ ಹುಲ್ಲಿನಲ್ಲಿ ಅಭ್ಯಾಸ ಮಾಡಿದ್ದರು. ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚಲೆಂದು ಎದೆಗೆ ಕಟ್ಟಿಕೊಳ್ಳುವ ಸಿಗ್ನಲ್ ಯಂತ್ರವನ್ನು ತರಗೆಲೆಯಲ್ಲಿ ಹುಗಿದಿಟ್ಟು ಹುಡುಕಿದ್ದರು. ಟಿಲ್‌ಬರ್ಗ್‌ನಿಂದ ಬಂದಿದ್ದ ತರಬೇತುದಾರ ಒಂದೇ ಮಾತನ್ನು ಮೂರು ಸಲ ಹೇಳಿದ್ದ: ಇಳಿಜಾರಿನಲ್ಲಿ ಒಂದು ಸಲಕ್ಕೆ ಒಂದೇ ಸ್ನೋಮೊಬೈಲ್, ಎರಡು ಹಿಮಗಾಡಿಗಳ ಭಾರಕ್ಕೆ ಹಿಮ ಕುಸಿಯಬಹುದು. ಒಬ್ಬನದು ಹೂತುಕೊಂಡರೆ ಇನ್ನೊಬ್ಬ ಹತ್ತಿರ ಹೋಗಬಾರದು, ದೂರದಲ್ಲಿ ನಿಂತು ಕಣ್ಣಿಟ್ಟಿರಬೇಕು.

"ನಮ್ಮ ಕಡೆ ಕಾರು ಹೂತ್ರೆ ಬಸ್ಸಲ್ಲಿರೋರೆಲ್ಲ ಇಳಿದು ತಳ್ತಾರೆ ಕಣೋ. ಇಲ್ಲಿ ನಿಂತ್ಕೊಂಡು ನೋಡ್ಬೇಕಂತೆ!" ಎಂದು ಜಯದೇವ ನಕ್ಕಿದ್ದ.

"ನಗಾಡಬೇಡ ಮಾರಾಯ, ಬರ್ಕೋ," ಎಂದಿದ್ದ ಕಿಶನ್.

ಸ್ವೀಡನ್ನಿನಲ್ಲಿ ಅವಘಡ ನಡೆದ ದಿನ ಒಳ್ಳೆಯ ಬಿಸಿಲು. ಏರಿನ ನಡುವೆ ಕಿಶನ್‌ನ ಗಾಡಿ ಹ್ಯಾಂಡಲ್‌ವರೆಗೆ ಹೂತುಹೋಯಿತು. ಅವನು ತಿರುಗಿ, ಅಂಗೈ ತೋರಿಸಿ ಕೈ ಎತ್ತಿದ. ಬರಬೇಡ. ಕೆಳಗಿದ್ದ ಜಯದೇವನಿಗೆ ಅದು ಸ್ಪಷ್ಟವಾಗಿ ಕಂಡಿತು. ಅರ್ಧ ನಿಮಿಷ ತಡೆದ. ಕೈಕಟ್ಟಿ ನೋಡುತ್ತ ನಿಲ್ಲಲು ನಾಚಿಕೆಯಾಯಿತು. ಗಾಡಿ ಏರಿಸಿದ. ಕಿಶನ್‌ನನ್ನು ದಾಟಿ ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಜಯದೇವನ ಗಾಡಿಯ ಕೆಳಗೇ ಹಿಮ ಬಿರಿಯಿತು. ಅವನನ್ನು ಅಂಚಿಗೆ ಎಸೆದು, ಉಳಿದದ್ದೆಲ್ಲ ಕಿಶನ್ ಮೇಲೆ ಇಳಿಯಿತು. ಸಿಗ್ನಲ್ ಬೇಗ ಸಿಕ್ಕಿತು. ಅಗೆಯುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ವಾಸಂತಿ ಕಾಫಿ ತಂದಿಟ್ಟು ಎದುರು ಕೂತಳು.

"ನೀನು ಅವನನ್ನ ಉಳಿಸೋಕೆ ಹೋದೆ ಅಂತ ಎಲ್ಲರೂ ಹೇಳ್ತಾರೆ. ನಂಗೆ ಒಂದೇ ಒಂದು ಗೊತ್ತಾಗಬೇಕು ಜಯದೇವ. ಅವನು ನಿನ್ನ ಕರೆದ್ನಾ?"

ಮನೆಯ ಮೇಲೆ ವಿಮಾನವೊಂದು ಹಾದುಹೋಯಿತು. ಸದ್ದು ಪೂರ್ತಿ ಅಡಗುವವರೆಗೂ ಅವಳು ಕಾದಳು.

"ಹೂಂ," ಎಂದ ಜಯದೇವ. "ಕೈ ಬೀಸಿ ಕರೆದ."

ವಾಸಂತಿ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಹೊರಡೋ ದಿನ ನಂಗೆ ಮಾತು ಕೊಟ್ಟಿದ್ದ. 'ನಾನು ಸಿಕ್ಕಿಹಾಕ್ಕೊಂಡ್ರೂ ಜಯದೇವನನ್ನ ಹತ್ರ ಬರೋಕೆ ಬಿಡಲ್ಲ, ಅವನಿಗೆ ಸಣ್ಣ ಮಕ್ಕಳಿದಾರೆ' ಅಂದಿದ್ದ." ಅವಳ ದನಿ ಒರಟಾಯಿತು. "ಕೊನೆಗೆ ಹೆದರಿಬಿಟ್ಟ, ಅಲ್ವಾ? ನಿನ್ನನ್ನೂ ಸಾಯಿಸ್ತಿದ್ದ. ಅವನ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಜಯದೇವನ ಕೈ ತಾನಾಗಿ ಮೇಲೆದ್ದಿತು, ಅಂಗೈ ಅವಳ ಕಡೆಗೆ. ನಿಜ ಹೇಳಿಬಿಡಲು ಬಾಯಿ ತೆರೆದ.

"ಬೇಡ ಅನ್ನಬೇಡ," ಎಂದಳು ವಾಸಂತಿ. "ನೀನು ದೊಡ್ಡ ಮನಸ್ಸಿನೋನು."

ಅವನು ಕೈ ಇಳಿಸಿ ಕಾಫಿ ಲೋಟ ಎತ್ತಿಕೊಂಡ. ಆರಿಹೋಗಿದ್ದ ಕಾಫಿಯನ್ನು ಪೂರ್ತಿ ಕುಡಿದ.