ಉಲ್ಟಾ ಅಕ್ಷರದ ನಾಣ್ಯ

ರಬ್ಬರ್ ಸೀಲು ಕೆತ್ತುವ ಅಂಗಡಿ ಇಟ್ಟಿದ್ದ ಆಕೆಯನ್ನು ಎಲ್ಲರೂ ಸೀಲು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಚೀನಾದ ಪ್ರಾಚೀನ ಕಂಚಿನ ನಾಣ್ಯಗಳೆಂದರೆ ಆಕೆಗೆ ಪ್ರಾಣ. ಒಂದು ಭಾನುವಾರ, ನಡುವೆ ಚೌಕಾಕಾರದ ತೂತಿದ್ದ ನಾಣ್ಯವೊಂದನ್ನು ಸಂಗ್ರಾಹಕರ ಕೂಟಕ್ಕೆ ಒಯ್ದಳು. ಅಂದು ಅಲ್ಲಿ ಭಾಷಣ ಮಾಡಬೇಕಿದ್ದ, ಚೀನೀ ಲಿಪಿ ಬಲ್ಲ ಹಿರಿಯ ಮೇಷ್ಟ್ರು ಅದನ್ನು ನೋಡಿ ನಕ್ಕುಬಿಟ್ಟರು.

“ಎರಡು ಅಕ್ಷರವೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇದೆಯಲ್ಲಮ್ಮ! ಓದೋಕೆ ಬಾರದ ಯಾವನೋ ಮಾಡಿದ ನಕಲಿ. ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ.”

ದೊಡ್ಡಮ್ಮ ಜಗ್ಗಲಿಲ್ಲ. “ಅಚ್ಚಿನಲ್ಲಿ ಉಲ್ಟಾ ಕೆತ್ತಿದರೆ ತಾನೇ ಮೇಷ್ಟ್ರೇ, ನಾಣ್ಯದಲ್ಲಿ ನೆಟ್ಟಗೆ ಮೂಡೋದು? ಪಾಪ, ಈ ಅಚ್ಚು ಕೆತ್ತಿದವನು ಮರೆತು ನೆಟ್ಟಗೇ ಕೆತ್ತಿದ್ದಾನೆ. ಹೊಸದರಲ್ಲಿ ನಾನೂ ಹೀಗೆ ಎಷ್ಟು ಸೀಲು ಕೆಡಿಸಿದ್ದೀನೋ!”

ಚೀಲದಿಂದ ಮೆತ್ತನೆಯ ಮೇಣ ತೆಗೆದು ಅದರ ಮೇಲೆ ನಾಣ್ಯ ಒತ್ತಿದಳು. ಅಕ್ಷರಗಳು ನೆಟ್ಟಗೆ ಮೂಡಿದವು. ಮೇಷ್ಟ್ರು ಭೂತಗನ್ನಡಿ ಹಿಡಿದು ಬಾಗಿದರು. ಆ ಗೆರೆಗಳಲ್ಲಿ ತಡವರಿಕೆ ಇರಲಿಲ್ಲ; ತಮ್ಮ ಬಳಿಯಿದ್ದ ಅಸಲಿ ನಾಣ್ಯಗಳಲ್ಲಿದ್ದ ಅದೇ ಬಳುಕು, ಅದೇ ತಿರುವು.

“ಇದು ನಕಲಿಯವನ ಕೈಯಲ್ಲ. ನಾನೇ ದುಡುಕಿದೆ,” ಎಂದು ಒಪ್ಪಿಕೊಂಡ ಮೇಷ್ಟ್ರು ಕುರ್ಚಿಯಿಂದ ಎದ್ದರು. “ಇವತ್ತಿನ ಭಾಷಣ ನೀವೇ ಮಾಡಿ.”

ದೊಡ್ಡಮ್ಮ ಸೆರಗು ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಮುಂದೆ ಹೋಗಿ ನಿಂತಳು.