ಶರಣವ್ವನ ಬೀರುವಿನಲ್ಲಿ ಏನಿತ್ತು?

ಅಟ್ಟೂರಿನ ಸುಬ್ಬಮ್ಮನ ಮನೆಗೆ ಇರುವೆ ಕಾಟ ಶುರುವಾಯಿತು.

ಇರುವೆ ಯಾರ ಮನೆಗೆ ಬರುವುದಿಲ್ಲ ಹೇಳಿ? ಸಕ್ಕರೆ ಡಬ್ಬಿಗೆ ಬರುತ್ತವೆ, ದೇವರ ಮನೆಯ ಬೆಲ್ಲಕ್ಕೆ ಬರುತ್ತವೆ, ಒಂದಿಷ್ಟು ಅರಿಶಿನ ಚೆಲ್ಲಿದರೆ ಹೋಗುತ್ತವೆ. ಆದರೆ ಈ ಇರುವೆಗಳು ಸುಬ್ಬಮ್ಮನ ಸಕ್ಕರೆಯನ್ನು ಮೂಸಿಯೂ ನೋಡಲಿಲ್ಲ. ಗೇಟಿನ ಪಕ್ಕದಿಂದ ಹೊರಟು, ಗೋಡೆ ಹಿಡಿದು, ಮೆಟ್ಟಿಲು ಹತ್ತಿ ಸೀದಾ ಮಹಡಿ ಮನೆಗೆ ಹೋಗುತ್ತಿದ್ದವು. ಸುಬ್ಬಮ್ಮ ಸೆರಗು ಸಿಕ್ಕಿಸಿಕೊಂಡು ಆ ಸಾಲಿನ ಹಿಂದೆಯೇ ಮೆಟ್ಟಿಲು ಹತ್ತಿದಳು.

ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದವರು ಇಬ್ಬರು ಹೆಂಗಸರು, ಶರಣವ್ವ ಮತ್ತು ರುಮಾನಾ. ಇಬ್ಬರೂ ಒಂದು ಕಾಲದಲ್ಲಿ ಬೀದಿಯಲ್ಲಿ ಇದ್ದವರೇ. ಶರಣವ್ವ ವಿಜಯಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮನಸ್ಸು ಕೆಟ್ಟು, ಯಾವುದೋ ರೈಲು ಹತ್ತಿ ಯಶವಂತಪುರದಲ್ಲಿ ಇಳಿದವಳು ನಾಲ್ಕು ವರ್ಷ ಆ ಸ್ಟೇಷನ್ನಿನ ಸುತ್ತಮುತ್ತಲೇ ಕಳೆದಳು. ಯಾರೋ ಪುಣ್ಯಾತ್ಮರು ನೋಡಿ ಸಹಾಯವಾಣಿಗೆ ಫೋನ್ ಮಾಡಿದರು. ಆಸ್ಪತ್ರೆ, ಮಾತ್ರೆ, ಆಮೇಲೆ ಒಂದು ವರ್ಷ ಆಶ್ರಯ ಕೇಂದ್ರ. ಈಗ ಎಂಟು ತಿಂಗಳಿಂದ ಈ ಮನೆ.

ಮನೆಯ ಕರಾರು ಒಂದು ಸಂಸ್ಥೆಯ ಹೆಸರಿನಲ್ಲಿದೆ. ಆ ಸಂಸ್ಥೆಯ ಹುಡುಗಿ ಚೈತ್ರ ವಾರಕ್ಕೆ ಎರಡು ಸಲ ಬರುತ್ತಾಳೆ. ಮಾತ್ರೆ ತೆಗೆದುಕೊಂಡರಾ, ರೇಷನ್ ಕಾರ್ಡ್ ಕೈಗೆ ಬಂತಾ, ಕೆಲಸದಲ್ಲಿ ಯಾರಾದರೂ ಏನಾದರೂ ಅಂದರಾ ಎಂದು ವಿಚಾರಿಸಿ, ಟೀ ಕುಡಿದು ಹೋಗುತ್ತಾಳೆ. ಉಳಿದದ್ದೆಲ್ಲ ಇವರದೇ. ರುಮಾನಾ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಶರಣವ್ವ ಯಲಹಂಕ ನ್ಯೂಟೌನಿನ ಒಂದು ಮೆಸ್ಸಿನಲ್ಲಿ ತರಕಾರಿ ಹೆಚ್ಚುತ್ತಾಳೆ. ಸಂಜೆ ಬಂದು ತನ್ನ ಕೈಯಾರೆ ಬೀಗ ತೆಗೆಯುವಾಗ ದಿನಾ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ರುಮಾನಾ ಅದಕ್ಕೆ ನಗುತ್ತಾಳೆ. ನಕ್ಕರೂ, ಅವಳು ಮುಟ್ಟಿ ಮುಗಿಸುವ ತನಕ ಕಾದು ನಿಂತೇ ಒಳಗೆ ಬರುತ್ತಾಳೆ.

ಇರುವೆ ಸಾಲು ಹೋಗಿ ನಿಂತದ್ದು ಶರಣವ್ವನ ಬೀರುವಿನ ಮುಂದೆ.

ಸುಬ್ಬಮ್ಮ ಬಾಗಿಲು ತೆಗೆಸಿದಳು. ಸೀರೆಗಳ ಅಡಿಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಕವರುಗಳು. ಒಂದರಲ್ಲಿ ಬ್ರೆಡ್ಡಿನ ತುಂಡು, ಒಂದರಲ್ಲಿ ಹಳಸಿದ ಅನ್ನ, ಕಪ್ಪಾದ ಬಾಳೆಹಣ್ಣು, ಅರ್ಧ ಇಡ್ಲಿ. ವಾಸನೆಗೆ ಸುಬ್ಬಮ್ಮ ಮೂಗು ಮುಚ್ಚಿಕೊಂಡಳು.

"ಥೂ, ಏನಮ್ಮ ಇದು? ನಮ್ಮೆಜಮಾನ್ರು ಅವತ್ತೇ ಯೋಳಿದ್ರು, ಇಂತೋರ್ಗೆ ಮನೆ ಕೊಡ್ಬೇಡ ಅಂತ. ಆ ಉಡುಗಿ ಮೂರು ಸಲ ಬಂದು ಕೇಳ್ಕಂಡ್ಳು ಅಂತ ಕೊಟ್ಟೆ. ತಿಂಗ್ಳು ಮುಗಿಯಾದ್ರೊಳ್ಗೆ ಖಾಲಿ ಮಾಡಿ."

ಶರಣವ್ವ ಬೀರುವಿನ ಬಾಗಿಲು ಮೆಲ್ಲಗೆ ಮುಚ್ಚಿದಳು. ಮೆಸ್ಸಿನಲ್ಲಿ ಹೊಟ್ಟೆ ತುಂಬ ಊಟ ಇದೆ, ಮನೆಯಲ್ಲಿ ಅಕ್ಕಿ ಇದೆ. ಅದು ಅವಳಿಗೂ ಗೊತ್ತು. ಆದರೆ ಉಣ್ಣುವಾಗ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಒಂದು ತುತ್ತು ಬಾಯಿಗೆ ಹೋದರೆ ಇನ್ನೊಂದು ಕವರಿಗೆ ಹೋಗುತ್ತಿತ್ತು.

ಸುಬ್ಬಮ್ಮ ಇಳಿದು ಹೋದ ಐದೇ ನಿಮಿಷದಲ್ಲಿ ಶರಣವ್ವ ಬ್ಯಾಗು ತುಂಬಿಸಿಕೊಂಡು ನಿಂತಿದ್ದಳು. ಪ್ಲಾಟ್‌ಫಾರಮ್ಮಿನಲ್ಲಿ ಏಳು ಅಂದರೆ ಎದ್ದು, ಹೋಗು ಅಂದರೆ ಹೋಗಿ ರೂಢಿ. ರುಮಾನಾ ಬ್ಯಾಗಿನ ಇನ್ನೊಂದು ಹಿಡಿ ಹಿಡಿದುಕೊಂಡಳು.

"ಎಲ್ಲಿಗೆ ಹೊರಟೆ? ತಿಂಗಳು ಅಂದ್ರು, ಈಗ್ಲೇ ಅಂದ್ರಾ? ಸುಮ್ನೆ ಕೂತ್ಕೋ. ನೀನು ಹೋದ್ರೆ ಬೆಳಿಗ್ಗೆ ನನ್ನ ಎಬ್ಬಿಸೋರು ಯಾರು?"

ಅಷ್ಟು ಹೇಳಿ ಅವಳು ಚೈತ್ರಳಿಗೆ ಫೋನ್ ಮಾಡಿದಳು.

ಮಾರನೆಯ ದಿನ ಗಂಗಾನಗರದಿಂದ ಎರಡು ಬಸ್ಸು ಹತ್ತಿ ಚೈತ್ರ ಬಂದಳು. ಬೀರು ನೋಡಿದಳು. ಮೂಗು ಮುಚ್ಚಲಿಲ್ಲ, ಬೈಯಲೂ ಇಲ್ಲ. ನೆಲದ ಮೇಲೆ ಶರಣವ್ವನ ಪಕ್ಕ ಕೂತಳು.

"ಅಕ್ಕಾ, ಇದನ್ನ ತಿಂತೀರಾ?"

"ತಿನ್ನಂಗಿಲ್ಲ ಚೈತ್ರವ್ವ. ಅದು ಅಲ್ಲೈತಿ ಅಂತ ಗೊತ್ತಿದ್ರ ನಿದ್ದಿ ಬರತೈತಿ."

ಇಬ್ಬರೂ ಸೇರಿ ಬೀರು ತೊಳೆದರು. ಆಮೇಲೆ ಚೈತ್ರ ಶರಣವ್ವನ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದಳು. ಸುಬ್ಬಮ್ಮ ಅಂಗಳದಲ್ಲಿ ಪೈಪು ಹಿಡಿದು ನೀರು ತುಂಬುತ್ತಿದ್ದಳು. ಸಾಲಾಗಿ ಐದು ನೀಲಿ ಡ್ರಮ್ಮು, ನಾಲ್ಕು ಆಗಲೇ ಕಂಠಮಟ್ಟ, ಐದನೆಯದು ತುಂಬುತ್ತಿತ್ತು.

"ಆಂಟಿ, ಈಗ ನೀರು ದಿನಾ ಬರುತ್ತಲ್ವಾ?" ಚೈತ್ರ ಕೇಳಿದಳು.

"ಬತ್ತದೆ. ಯಾಕೆ?"

"ಮತ್ತೆ ಇಷ್ಟೊಂದು ಡ್ರಮ್ ಯಾಕೆ?"

"ಅಯ್ಯೋ, ಆ ಬರದ್ ಬ್ಯಾಸ್ಗೇಲಿ ಎರಡು ತಿಂಗ್ಳು ಬೋರು ಬತ್ತೋಗಿ, ಬಿಂದ್ಗೆ ಇಡ್ಕಂಡು ಟ್ಯಾಂಕರ್ ಇಂದೆ ಓಡಿದ್ದು ನಾನಮ್ಮ, ನೀನಲ್ಲ. ಇವೈದೂ ತುಂಬಿದ್ರೇನೇ ನಂಗೆ ನಿದ್ದೆ ಬರಾದು."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಶರಣವ್ವ ತಲೆ ಎತ್ತಿದಳು. "ನಂದೂ ಅಷ್ಟರೀ ಅಮ್ಮಾರ," ಅಂದಳು.

ಡ್ರಮ್ಮು ತುಂಬಿ ನೀರು ಚೆಲ್ಲುತ್ತಿತ್ತು. ಸುಬ್ಬಮ್ಮ ಪೈಪು ತೆಗೆಯುವುದನ್ನೇ ಮರೆತು ನಿಂತಳು.

ಚೈತ್ರ ಮೆಲ್ಲಗೆ ಹೇಳಿದಳು, "ನಿಮಗೆ ಎರಡು ತಿಂಗಳು ನೀರಿರ್ಲಿಲ್ಲ ಆಂಟಿ. ಅಕ್ಕನಿಗೆ ನಾಲ್ಕು ವರ್ಷ ನಾಳೆ ಊಟ ಸಿಗುತ್ತೋ ಇಲ್ವೋ ಗೊತ್ತಿರ್ಲಿಲ್ಲ. ಇದು ಕೆಟ್ಟ ಬುದ್ಧಿ ಅಲ್ಲ, ಆ ಭಯ ಇನ್ನೂ ಪೂರ್ತಿ ಹೋಗಿಲ್ಲ ಅಷ್ಟೇ. ಹೋಗುತ್ತೆ, ಸ್ವಲ್ಪ ಟೈಮ್ ಬೇಕು. ನಾವಿದ್ದೀವಿ."

"ಅದೂ ಇದೂ ಒಂದೇನಾ? ನೀರಿಗೆ ಇರುವೆ ಬರಲ್ಲ," ಅಂದಳು ಸುಬ್ಬಮ್ಮ. ಆದರೆ ದನಿ ನಿನ್ನೆಯದಾಗಿರಲಿಲ್ಲ. "ಅದಿನೈದು ದಿನ ನೋಡ್ತೀನಿ. ಒಂದು ಇರುವೆ ಕಂಡ್ರೂ ಬೀಗದ ಕೈ ಕೊಟ್ಟು ಓಗ್ಬೇಕು."

ಮೊದಲು ಚೈತ್ರ ಬಿಗಿ ಮುಚ್ಚಳದ ಡಬ್ಬಿ ತಂದುಕೊಟ್ಟಳು. ನಾಲ್ಕನೇ ದಿನಕ್ಕೆ ಡಬ್ಬಿಯೊಳಗೇ ಅನ್ನ ಹುಳಿ ಬಂತು. ಶರಣವ್ವ ಡಬ್ಬಿ ಉಜ್ಜುತ್ತಾ ಅತ್ತಳು. ಈ ಹಾಳು ಕೈಯಿಂದ ತನ್ನ ಮನೆ ಹೋಗುವುದಲ್ಲದೆ ರುಮಾನಾಳ ಮನೆಯೂ ಹೋಗುತ್ತದಲ್ಲ ಎಂಬುದೇ ಅವಳ ಸಂಕಟ.

ಚೈತ್ರ ಪೂರ್ತಿ ಅಳಲು ಬಿಟ್ಟು, ಆಮೇಲೆ ಒಂದು ಮಾತು ಕೇಳಿದಳು.

"ಇಡೋದನ್ನ ಬಿಡಿ ಅಂತ ನಾನು ಹೇಳಲ್ಲ ಅಕ್ಕ. ಇಟ್ಕೊಳ್ಳಿ. ಆದ್ರೆ ಕೆಡದೇ ಇರೋದು ಇಟ್ಕೊಳ್ಳಿ. ನಿಮ್ಮೂರಲ್ಲಿ ತಿಂಗಳಾನುಗಟ್ಟಲೆ ಇಡ್ತಿದ್ದದ್ದು ಏನಾದ್ರೂ ಇತ್ತಾ?"

ಶರಣವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಟಕ ರೊಟ್ಟಿ," ಅಂದಳು. ಅಂದವಳೇ ತನಗೇ ಆಶ್ಚರ್ಯವಾದಂತೆ ಕೈ ನೋಡಿಕೊಂಡಳು.

ಅವತ್ತು ತುಂಬಿದ ಬ್ಯಾಗು ಇನ್ನೂ ಬಾಗಿಲ ಹತ್ತಿರವೇ ಇತ್ತು. ಅದರಲ್ಲಿದ್ದ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದು, ಅದೇ ಬ್ಯಾಗಿನಲ್ಲಿ ಜೋಳದ ಹಿಟ್ಟು ತಂದಳು. ಭಾನುವಾರ ಮಧ್ಯಾಹ್ನ ಕುದಿಯುವ ನೀರು ಹಾಕಿ ಹಿಟ್ಟು ನಾದಿದಳು. ಆರು ವರ್ಷದ ಮೇಲೆ ತಟ್ಟಿದ ಮೊದಲ ರೊಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ರುಮಾನಾ ಅದನ್ನೆತ್ತಿ ನೋಡಿ, ಇದೇನು ರೊಟ್ಟಿಯೋ ಕರ್ನಾಟಕದ ಭೂಪಟವೋ ಎಂದು ಕೇಳಿದಳು. ಐದನೆಯದಕ್ಕೆ ಕೈಗೆ ಲಯ ಬಂತು. ಪಟಪಟ ಸದ್ದು ಕೆಳಗಿನ ಮನೆಯವರೆಗೂ ಕೇಳಿಸಿತು. ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಗರಿಗರಿಯಾಗಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಳು. ಮಾರನೆಯ ದಿನ ಅವಳು ಏಳುವಷ್ಟರಲ್ಲಿ ಕಿಟಕಿಗೆ ಬಿಸಿಲು ಬಂದಿತ್ತು. ಅವತ್ತು ಎಬ್ಬಿಸಿದ್ದು ರುಮಾನಾ.

ಹದಿನೈದನೆಯ ದಿನ ಸುಬ್ಬಮ್ಮ ಬಂದಳು. ಮೆಟ್ಟಿಲು ನೋಡಿದಳು, ಗೋಡೆ ನೋಡಿದಳು, ಬೀರು ತೆಗೆಸಿದಳು. ಒಂದೂ ಇರುವೆಯಿಲ್ಲ. ಹುರಿದ ಜೋಳದ ಘಮ ಮಾತ್ರ.

"ಇದೇನಮ್ಮ ಗಂಟು? ಅಪ್ಪಳನಾ?"

ಶರಣವ್ವ ಗಂಟು ಬಿಚ್ಚಿ, ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಚಮಚ ಮೊಸರು ಹಾಕಿಕೊಟ್ಟಳು. ಸುಬ್ಬಮ್ಮ ನಿಂತೇ ಒಂದು ಚೂರು ಮುರಿದಳು. ಆಮೇಲೆ ಕೂತಳು. ಆಮೇಲೆ ಇನ್ನೊಂದು ಐತಾ ಎಂದು ಕೇಳಿದಳು. ಹೋಗುವಾಗ ಗಂಡ ಲಕ್ಕಣ್ಣನಿಗೂ ಒಂದು ಬೇಕೆಂದಳು.

"ಅವ್ರಿಗೆ ಅಲ್ಲು ಗಟ್ಟಿ ಇಲ್ಲ. ಆದ್ರೂ ಕೊಡು, ಒದ್ದಾಡ್ಲಿ."

ಅವಳು ಹೋದ ಮೇಲೆ ಗಂಟು ಕಟ್ಟುವಾಗ ಶರಣವ್ವನಿಗೆ ಹೊಳೆಯಿತು. ಕೂಡಿಟ್ಟದ್ದರಿಂದ ತಾನೇ ತೆಗೆದು ಕೊಟ್ಟಿದ್ದಳು, ಆದರೂ ಭಯವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ದಡಬಡ ಸದ್ದು. ಸುಬ್ಬಮ್ಮ ಮುಂದೆ, ಲಕ್ಕಣ್ಣ ಹಿಂದೆ, ನಡುವೆ ತೊಳೆದು ಒಣಗಿಸಿದ ಒಂದು ನೀಲಿ ಡ್ರಮ್ಮು.

"ನಂಗೆ ನಾಲ್ಕು ಸಾಕು. ನೀನು ಇದ್ರಾಗೆ ಜೋಳ ತುಂಬ್ಕೊ. ಮುಚ್ಚಳ ಬಿಗಿ ಐತೆ, ಇರುವೆ ತಾತ ಬಂದ್ರೂ ಒಳೀಕೆ ಓಗಾಕಾಗಲ್ಲ."

"ಮನೀ, ಅಮ್ಮಾರ..." ಶರಣವ್ವ ಬಾಗಿಲ ಕಡೆ ನೋಡಿದಳು.

"ಮನೆ ಖಾಲಿ ಮಾಡ್ಸಂಗಿದ್ರೆ ಇದನ್ನ ಯಾಕಮ್ಮ ಮ್ಯಾಕೆ ಒತ್ಕಂಡು ಬತ್ತಿದ್ವಿ?"

ಶರಣವ್ವ ಕೈ ಮುಗಿದಳು. ಸುಬ್ಬಮ್ಮ ಆ ಕೈ ಬಿಡಿಸಿ, ಸಾಕು, ಮೊದಲು ಈ ಕಡೆ ಹಿಡಿ, ಇವರಿಗೆ ಸೊಂಟ ನೋವು ಅಂದಳು.

ಅಕ್ಕಂದಿರೇ, ಅಣ್ಣಂದಿರೇ, ಬೀದಿಯಿಂದ ಬಂದವರಿಗೆ ಮನೆ ಸಿಕ್ಕ ದಿನವೇ ಎಲ್ಲ ಸರಿಹೋಗುವುದಿಲ್ಲ. ಮನೆಯ ಜೊತೆಗೆ ಮಾತ್ರೆ, ಕೆಲಸ, ಬಂದು ವಿಚಾರಿಸುವ ಒಬ್ಬರು, ಸ್ವಲ್ಪ ತಾಳುವ ಅಕ್ಕಪಕ್ಕದವರು ಬೇಕು. ಅಷ್ಟಿದ್ದರೆ ಅವರೂ ನಮ್ಮ ನಿಮ್ಮಂತೆ ಬಾಳುತ್ತಾರೆ. ಸ್ಟೇಷನ್ನಿನಲ್ಲೋ ಬಸ್‌ಸ್ಟಾಪಿನಲ್ಲೋ ದಿಕ್ಕಿಲ್ಲದ ಹೆಂಗಸೊಬ್ಬರು ಕಂಡರೆ ಮುಖ ತಿರುಗಿಸಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಒಂದು ಫೋನ್ ಮಾಡಿ. ಶರಣವ್ವನಿಗಾಗಿ ಯಾರೋ ಒಬ್ಬರು ಹಾಗೇ ಮಾಡಿದ್ದರು.

ನಿಮ್ಮ ಮಹಡಿ ಮನೆ ಖಾಲಿ ಇದೆಯಾ? ಚೈತ್ರಳಂಥವರು ಬಂದು ಕೇಳಿದರೆ ಗೇಟಿನಲ್ಲೇ ಬೇಡ ಅನ್ನಬೇಡಿ. ಒಳಗೆ ಕರೆದು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಪೂರ್ತಿ ಮಾತು ಕೇಳಿ.