ಎಲ್ಲಕ್ಕೂ ಒಂದೇ ಪ್ಯಾಕೇಜ್

ದೊಡ್ಡನೆಕ್ಕುಂದಿಯ ಆ ಸಾಫ್ಟ್‌ವೇರ್ ಆಫೀಸಿನಲ್ಲಿ ಒಂದೇ ಅಡುಗೆಯನ್ನು ಮೂರು ಒಲೆಯ ಮೇಲೆ ಮಾಡುವ ಪದ್ಧತಿಯಿತ್ತು. ಅವರ ಗಿರಾಕಿಗಳಾದ ಪೀಣ್ಯದ ಕಾರ್ಖಾನೆಗಳಲ್ಲಿ ಮೂರು ಜಾತಿಯ ಕಂಪ್ಯೂಟರ್‌ಗಳಿದ್ದವು: ಇಂಟೆಲ್, ಸ್ಪಾರ್ಕ್, ಆಲ್ಫಾ. ಒಂದಕ್ಕೆ ಕಟ್ಟಿದ ಪ್ರೋಗ್ರಾಂ ಇನ್ನೊಂದರಲ್ಲಿ ಓಡದು, ಒಪ್ಪೋಣ. ಆದರೆ ಕುಲುಮೆ ನಡೆಸುವವರಿಗಾಗಿ ಪರದೆಯ ಮೇಲೆ ಮೂಡುವ ಕನ್ನಡ ಸೂಚನೆಗಳು ಬರೀ ಅಕ್ಷರ. ಅವಕ್ಕೆ ಯಾವ ಕಂಪ್ಯೂಟರ್ ಆದರೇನು? ಅವನ್ನೂ ಮೂರು ಪ್ಯಾಕೇಜ್, ಅಂದರೆ ಕಂಪ್ಯೂಟರಿಗೆ ತುಂಬುವ ಕಡತಗಳ ಕಟ್ಟು, ಮಾಡಿ, ಮೂವರು ಕೂತು ಬೇರೆ ಬೇರೆಯಾಗಿ ತಿದ್ದುತ್ತಿದ್ದರು.

ಇಂಟೆಲ್ ಪ್ಯಾಕೇಜ್ ಕಟ್ಟುತ್ತಿದ್ದ ಕೊಟ್ರೇಶನಿಗೆ ಇದು ದಂಡದ ಕೆಲಸವೆಂದು ಗೊತ್ತಿತ್ತು. ಯಂತ್ರದ ಹಂಗಿಲ್ಲದ ಒಂದೇ ಪ್ಯಾಕೇಜಿಗೆ ಎಲ್ಲ ಸೂಚನೆ ಹಾಕಿದರೆ ಡಿಸ್ಕಿನಲ್ಲಿ ಜಾಗ ಉಳಿಯುತ್ತದೆ. ಒಮ್ಮೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಹೇಳಲೆಂದು ಮ್ಯಾನೇಜರರ ಬಾಗಿಲವರೆಗೂ ಹೋಗಿ ಹಿಂದಿರುಗಿದ್ದ. ಆಲ್ಫಾದ ಪ್ಯಾಕೇಜ್ ಕಟ್ಟುತ್ತಿದ್ದವಳು ವನಜಾ. ಅದು ನಿಂತರೆ ಅವಳಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಜಾಲಹಳ್ಳಿಯಲ್ಲಿ ಅವಳ ಅಪ್ಪ ಕೆಲಸ ಕಳೆದುಕೊಂಡು ಹಾಸಿಗೆ ಹಿಡಿದಿದ್ದರು. ಪಾಪ, ಇರಲಿ ಬಿಡು ಅಂದುಕೊಂಡ ಕೊಟ್ರೇಶ. ಪಾಪ ಅನ್ನುವುದಕ್ಕೆ ಕೈಯಿಂದ ಏನು ಖರ್ಚು?

ತೊಂಬತ್ತೇಳರ ಚಳಿಗಾಲದಲ್ಲಿ ಸೂಚನೆಯೊಂದು ತಪ್ಪಿರುವುದು ತಿಳಿಯಿತು. ಕುಲುಮೆ ಹೊತ್ತಿಸುವ ಮೊದಲು ಫ್ಯಾನ್ ಹಾಕಿ ಒಳಗೆ ನಿಂತ ಗ್ಯಾಸನ್ನು ಹೊರದೂಡಬೇಕು. ಆ ಸಾಲೇ ಮೂರರಲ್ಲೂ ಬಿಟ್ಟುಹೋಗಿತ್ತು. ಕೊಟ್ರೇಶ ತನ್ನದನ್ನು ತಿದ್ದಿದ. ಸ್ಪಾರ್ಕ್ ನೋಡಿಕೊಳ್ಳುತ್ತಿದ್ದ ಲೋಕೇಶ ತನ್ನದನ್ನು ತಿದ್ದಿದ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ವನಜಾ ರಜೆಯಲ್ಲಿದ್ದಳು. ಬಂದ ಮೇಲೆ ಹೇಳಿದರಾಯಿತು ಎಂದು ಇಬ್ಬರೂ ಅಂದುಕೊಂಡರು, ಇಬ್ಬರೂ ಮರೆತರು.

ಪೀಣ್ಯದ ಒಂದು ಶೆಡ್ಡಿನಲ್ಲಿ ಮುನಿಯಣ್ಣ ಎಂಬ ಕೆಲಸಗಾರ ಆಲ್ಫಾದ ಪರದೆ ಓದಿಕೊಂಡು, ಅದು ಹೇಳಿದಂತೆಯೇ ಕುಲುಮೆ ಹೊತ್ತಿಸಿದ. ಬೆಂಕಿ ಮುಖಕ್ಕೇ ನುಗ್ಗಿತು. ಅವನು ಉಳಿಯಲಿಲ್ಲ.

ಸುದ್ದಿ ಬಂದ ಮಧ್ಯಾಹ್ನ ಕೊಟ್ರೇಶ ಯಾರನ್ನೂ ಕೇಳದೆ ಆ ಒಂದೇ ಪ್ಯಾಕೇಜ್ ಕಟ್ಟಿದ. ಕಾಫಿ ಆರುವಷ್ಟರಲ್ಲಿ ಮುಗಿಯಿತು. ಮೂರೂ ಕಂಪ್ಯೂಟರ್‌ಗಳು ತಕರಾರಿಲ್ಲದೆ ಅದನ್ನು ತೆಗೆದುಕೊಂಡವು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಸುದ್ದಿ ಕೇಳಿ ರಜೆಯ ನಡುವೆಯೇ ಓಡಿಬಂದಿದ್ದ ವನಜಾ ಹಿಂದೆ ನಿಂತು ನೋಡುತ್ತಿದ್ದಳು.

"ಇಷ್ಟೇನಾ ಸಾರ್? ನಿಮಗೆ ಮುಂಚೇನೇ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿದ್ರೆ ನಿಮ್ ಕೆಲಸ ಹೋಗ್ತಿತ್ತು ಕಣ್ರೀ. ಅದಕ್ಕೇ ಸುಮ್ನಿದ್ದೆ."

"ಕೆಲಸ ಹೋಗಿದ್ರೆ ಇನ್ನೊಂದು ಹುಡುಕ್ಕೋತಿದ್ದೆ ಸಾರ್," ಅಂದಳು ವನಜಾ. "ಆ ಪ್ಯಾಕೇಜಲ್ಲಿ ಕಟ್ಟಿದೋರು ಅಂತ ನನ್ನ ಹೆಸರಿದೆ. ಒಂದು ಜೀವ ಹೋಯ್ತಲ್ಲ, ಆ ಭಾರಾನ ನಾನು ಎಲ್ಲಿ ಇಳಿಸ್ಲಿ?"